ಮೂರು ಸಲ ಒಂದೇ ಉತ್ತರ: ಲಕ್ಸೆಂಬರ್ಗ್ ಒಂದು ದೇಶ ಆಗಿದ್ದು ಹೇಗೆ

ಲಕ್ಸೆಂಬರ್ಗ್ ಸಿಟೀಲಿ ಬೆಳಿಗ್ಗೆ ಬೇಕರಿಗೆ ಹೋದ್ರೆ ಬ್ರೆಡ್ ಕೇಳೋದು ಸಾಮಾನ್ಯವಾಗಿ ಫ್ರೆಂಚಲ್ಲಿ, ಯಾಕಂದ್ರೆ ಕೌಂಟರ್ ಹಿಂದೆ ನಿಂತಿರೋರು ಎಷ್ಟೋ ಸಲ ಗಡಿ ಆಚೆ ಫ್ರಾನ್ಸಿಂದ ರೈಲು ಹತ್ತಿ ಕೆಲಸಕ್ಕೆ ಬಂದಿರ್ತಾರೆ. ಆದ್ರೆ ಲಕ್ಸೆಂಬರ್ಗಿನ ಹಳೇ ಕುಟುಂಬಗಳಲ್ಲಿ ಮನೆಮಾತು ಲಕ್ಸೆಂಬರ್ಗಿಶ್. ಆ ಮನೆಯ ಮಗು ಒಂದನೇ ಕ್ಲಾಸಿಗೆ ಹೋದ್ರೆ ಅಕ್ಷರ ಕಲಿಯೋದು ಜರ್ಮನಲ್ಲಿ. ಅಜ್ಜ ಓದೋ ಪೇಪರಲ್ಲಿ ಸುದ್ದಿ ಹೆಚ್ಚಾಗಿ ಜರ್ಮನ್, ಮಧ್ಯದಲ್ಲಿ ಒಂದೆರಡು ಫ್ರೆಂಚ್ ಲೇಖನ, ಯಾರಾದ್ರೂ ತೀರಿಕೊಂಡಿದ್ದರ ಪ್ರಕಟಣೆ ಬಂದ್ರೆ ಅದು ಲಕ್ಸೆಂಬರ್ಗಿಶ್. ಪಾರ್ಲಿಮೆಂಟಲ್ಲಿ ವಾದ ಮಾಡೋದು ಲಕ್ಸೆಂಬರ್ಗಿಶಲ್ಲಿ, ವಾದ ಎಲ್ಲಾ ಮುಗಿದು ಪಾಸಾಗೋ ಕಾನೂನು ಮಾತ್ರ ಫ್ರೆಂಚಲ್ಲಿ.

ಇದನ್ನ ಮೊದಲ ಸಲ ಓದಿದಾಗ ನನಗೆ ಬಂದ ಪ್ರಶ್ನೆ ಒಂದೇ, ಹಾಗಾದ್ರೆ ಈ ಜನ ತಮ್ಮನ್ನ ಏನಂತ ಅಂದ್ಕೋತಾರೆ? ಸುತ್ತ ನೋಡಿದ್ರೆ ಒಂದು ಕಡೆ ಜರ್ಮನಿ, ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಬೆಲ್ಜಿಯಂ, ಮಧ್ಯದಲ್ಲಿ 2,586 ಚದರ ಕಿಲೋಮೀಟರಿನ ಒಂದು ಜಾಗ, ಅಂದ್ರೆ ನಮ್ಮ ಕೊಡಗು ಜಿಲ್ಲೆಗಿಂತ ಎಷ್ಟೋ ಚಿಕ್ಕದು. ಜನಸಂಖ್ಯೆ 7 ಲಕ್ಷ ಕೂಡ ಇಲ್ಲ, ಅದರಲ್ಲೂ ಹತ್ತಿರ ಹತ್ತಿರ ಅರ್ಧ ಜನರ ಹತ್ರ ಬೇರೆ ದೇಶದ ಪಾಸ್‌ಪೋರ್ಟ್. ಇದರ ಮೇಲೆ ದಿನಾ 2 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಬಂದು ದುಡಿದು ಸಾಯಂಕಾಲ ವಾಪಸ್ ಹೋಗ್ತಾರೆ. ಇಂಥ ಜಾಗ ದೊಡ್ಡ ದೇಶಗಳ ಹೊಟ್ಟೆ ಸೇರದೆ ಉಳಿದಿದ್ದೇ ದೊಡ್ಡ ವಿಷಯ, ಅದಕ್ಕೆ ಸ್ವಲ್ಪ ಹಿಂದಿಂದ ಶುರು ಮಾಡಬೇಕು.

963 ರಲ್ಲಿ ಸಿಗ್‌ಫ್ರೀಡ್ ಅನ್ನೋ ಕೌಂಟ್, ಅಂದ್ರೆ ಪಾಳೆಯಗಾರನಂಥ ಒಬ್ಬ, ಟ್ರಿಯರ್ ಊರಿನ ಒಂದು ಮಠದ ಜೊತೆ ಜಮೀನು ಅದಲು ಬದಲು ಮಾಡ್ಕೊಂಡ. ಅವನಿಗೆ ಬೇಕಾಗಿದ್ದು ಆಲ್ಜೆಟ್ ನದಿ ಬಳಸಿಕೊಂಡು ಹೋಗೋ ಜಾಗದಲ್ಲಿ ನಿಂತಿದ್ದ ಒಂದು ಬಂಡೆ, ಬಾಕ್ ಅಂತ ಅದರ ಹೆಸರು, ಮೂರು ಕಡೆ ಪ್ರಪಾತ. ಅಲ್ಲಿದ್ದ ಕೋಟೆಯನ್ನ ಕಾಗದದಲ್ಲಿ ಲುಸಿಲಿನ್‌ಬುರ್‌ಹುಕ್ ಅಂತ ಬರೆದಿದ್ದಾರೆ, ಪುಟ್ಟ ಕೋಟೆ ಅಂತ ಅರ್ಥ, ಅದೇ ಸವೆದು ಸವೆದು ಲಕ್ಸೆಂಬರ್ಗ್ ಆಯ್ತು. ಈ ಬಂಡೆ ಮೇಲೆ ಶುರುವಾದ ಊರಿನ ಅರಸು ಮನೆತನ ಆಮೇಲೆ ಎಷ್ಟು ಎತ್ತರಕ್ಕೆ ಹೋಯ್ತು ಅಂದ್ರೆ 1308 ರಲ್ಲಿ ಹೆನ್ರಿ ಅನ್ನೋನು ಜರ್ಮನ್ ರಾಜ ಆದ, ಆಮೇಲೆ ಚಕ್ರವರ್ತಿನೂ ಆದ, ಅವನ ಮೊಮ್ಮಗ ನಾಲ್ಕನೇ ಚಾರ್ಲ್ಸ್ ಪ್ರಾಗ್ ನಗರದಲ್ಲಿ 1348 ರಲ್ಲಿ ಯೂನಿವರ್ಸಿಟಿ ಕಟ್ಟಿದ. ಆದ್ರೆ ಆ ವೈಭವ ಎಲ್ಲಾ ಪ್ರಾಗ್ ಕಡೆ ಹೋಯ್ತು, 1443 ರಲ್ಲಿ ಬರ್ಗಂಡಿಯವರು ಊರನ್ನ ಹಿಡಿದರು, ಅಲ್ಲಿಂದ ಮುಂದೆ ಸುಮಾರು 400 ವರ್ಷ ಈ ಜಾಗ ಬೇರೆಯವರ ಕೈಯಲ್ಲೇ ಇತ್ತು. ಬರ್ಗಂಡಿ ಆಯ್ತು, ಸ್ಪೇನ್ ಆಯ್ತು, ಫ್ರಾನ್ಸ್, ಮತ್ತೆ ಸ್ಪೇನ್, ಆಸ್ಟ್ರಿಯಾ, ಮತ್ತೆ ಫ್ರಾನ್ಸ್. ಬಂದವರೆಲ್ಲಾ ಮಾಡಿದ್ದು ಒಂದೇ ಕೆಲಸ, ಕೋಟೆ ಇನ್ನಷ್ಟು ಗಟ್ಟಿ ಮಾಡಿದ್ದು. 1684 ರಲ್ಲಿ ಊರು ಗೆದ್ದ ಫ್ರಾನ್ಸಿನ ಎಂಜಿನಿಯರ್ ವೋಬಾನ್ ಹೊಸ ಕೋಟೆಗೋಡೆಗಳನ್ನ ಕಟ್ಟಿಸಿದ, ಬಂಡೆ ಒಳಗೆ ಕೊರೆದ ಸುರಂಗಗಳು ಒಂದು ಕಾಲಕ್ಕೆ 23 ಕಿಲೋಮೀಟರ್ ಉದ್ದ ಇದ್ದವು. ಸ್ಪೇನಿನ ದಕ್ಷಿಣ ತುದಿಯ ಬಂಡೆಕೋಟೆ ಜಿಬ್ರಾಲ್ಟರ್‌ಗೆ ಹೋಲಿಸಿ ಇದನ್ನ ಉತ್ತರದ ಜಿಬ್ರಾಲ್ಟರ್ ಅಂತ ಕರೀತಿದ್ರು.

ಇಲ್ಲಿ ಭಾಷೆ ವಿಷಯ ಹೇಳಬೇಕು. ಆಗಿನ ಲಕ್ಸೆಂಬರ್ಗ್ ಈಗಿನದಕ್ಕಿಂತ ತುಂಬಾ ದೊಡ್ಡದು, ಅದರ ಪಶ್ಚಿಮದ ಜನ ಫ್ರೆಂಚ್ ಬಳಗದ ಮಾತು ಆಡ್ತಿದ್ರು, ಪೂರ್ವದವರು ಜರ್ಮನ್ ಬಳಗದ ಮಾತು. ಆಡಳಿತದಲ್ಲೇ ಈ ಎರಡು ಭಾಗಗಳಿದ್ವು. ಹಾಗಾಗಿ ಎರಡು ಭಾಷೆ ಇರೋದು ಅಲ್ಲಿ ಇವತ್ತಿನ ಫ್ಯಾಷನ್ ಏನೂ ಅಲ್ಲ, ದೇಶ ಅನ್ನೋದು ಹುಟ್ಟೋಕಿಂತ ಎಷ್ಟೋ ಮುಂಚಿನ ಸಂಗತಿ.

ನೆಪೋಲಿಯನ್ ಸೋತ ಮೇಲೆ 1815 ರಲ್ಲಿ ವಿಯೆನ್ನಾದಲ್ಲಿ ದೊಡ್ಡವರೆಲ್ಲಾ ಕೂತು ಯೂರೋಪಿನ ನಕ್ಷೆ ಹೊಸದಾಗಿ ಬರೆದ್ರು. ಲಕ್ಸೆಂಬರ್ಗನ್ನ ಗ್ರ್ಯಾಂಡ್ ಡಚಿ, ಅಂದ್ರೆ ಗ್ರ್ಯಾಂಡ್ ಡ್ಯೂಕ್ ಅನ್ನೋ ಅರಸು ಆಳೋ ರಾಜ್ಯ, ಅಂತ ಮಾಡಿ ನೆದರ್‌ಲ್ಯಾಂಡ್ಸ್ ರಾಜ ಮೊದಲನೇ ವಿಲಿಯಂಗೆ ಕೊಟ್ರು, ಆದ್ರೆ ಅದು ಜರ್ಮನ್ ಒಕ್ಕೂಟದ ಸದಸ್ಯ ಕೂಡ ಆಗಿರಬೇಕು ಅಂದ್ರು, ಕೋಟೆಯಲ್ಲಿ ಪ್ರಷ್ಯಾ ಅನ್ನೋ ಬಲಿಷ್ಠ ಜರ್ಮನ್ ರಾಜ್ಯದ ಸೈನಿಕರು ಇರ್ತಾರೆ ಅಂತನೂ ಸೇರಿಸಿದ್ರು. ಒಡೆಯ ಡಚ್ಚಿನವನು, ಕಾವಲು ಪ್ರಷ್ಯನ್, ಕೋರ್ಟಲ್ಲಿ ನೆಪೋಲಿಯನ್ ಕಾಲದ ಫ್ರೆಂಚ್ ಕಾನೂನು, ಬೀದೀಲಿ ಜನ ಆಡೋ ಮಾತು ಇನ್ನೊಂದು. ಊರಿನ ಜನರನ್ನ ಯಾರೂ ಏನೂ ಕೇಳಿರಲಿಲ್ಲ.

1830 ರಲ್ಲಿ ಬೆಲ್ಜಿಯಂನವರು ಡಚ್ ರಾಜನ ವಿರುದ್ಧ ಎದ್ದಾಗ ಲಕ್ಸೆಂಬರ್ಗಿನ ಹಳ್ಳಿಗಳೂ ಅವರ ಜೊತೆ ಸೇರಿದ್ವು, ಪ್ರಷ್ಯನ್ ಸೈನ್ಯ ಇದ್ದ ರಾಜಧಾನಿ ಮಾತ್ರ ರಾಜನ ಕೈಯಲ್ಲೇ ಉಳೀತು. ಕೊನೆಗೆ 1839 ರಲ್ಲಿ ಲಂಡನ್ ಒಪ್ಪಂದ ಆಗಿ ದೇಶವನ್ನ ಹೋಳು ಮಾಡಿದ್ರು, ಪಶ್ಚಿಮದ ದೊಡ್ಡ ಭಾಗ ಬೆಲ್ಜಿಯಂಗೆ ಹೋಯ್ತು. ಇವತ್ತಿಗೂ ಬೆಲ್ಜಿಯಂನಲ್ಲಿ ಲಕ್ಸೆಂಬರ್ಗ್ ಅನ್ನೋ ಪ್ರಾಂತ್ಯ ಇದೆ, ಅದು ಲಕ್ಸೆಂಬರ್ಗ್ ದೇಶಕ್ಕಿಂತ ದೊಡ್ಡದು! ಇದಕ್ಕೂ ಮೊದಲು 1659 ರಲ್ಲಿ ದಕ್ಷಿಣದ ಒಂದು ಪಾಲು ಫ್ರಾನ್ಸಿಗೆ, 1815 ರಲ್ಲಿ ಪೂರ್ವದ ಒಂದು ಪಾಲು ಪ್ರಷ್ಯಾಗೆ ಹೋಗಿತ್ತು. ಮೂರು ಸಲ ಕತ್ತರಿಸಿದ ಮೇಲೆ ಉಳಿದಿದ್ದೇ ಈಗಿನ ದೇಶ. ಎಷ್ಟೋ ಇತಿಹಾಸಕಾರರು 1839 ನ್ನೇ ಸ್ವಾತಂತ್ರ್ಯದ ವರ್ಷ ಅಂತಾರೆ.

ಈಗ ಗಮನಿಸಿ, ಫ್ರೆಂಚ್ ಬಳಗದ ಮಾತು ಆಡೋ ಜನ ಹೆಚ್ಚುಕಮ್ಮಿ ಎಲ್ಲರೂ ಬೆಲ್ಜಿಯಂ ಕಡೆ ಹೋದ್ರು, ಉಳಿದ ರೈತರು, ಕುಶಲಕರ್ಮಿಗಳು ಎಲ್ಲರೂ ಆಡ್ತಿದ್ದಿದ್ದು ಜರ್ಮನ್ ಬಳಗದ ಊರಮಾತು, ಈಗ ಲಕ್ಸೆಂಬರ್ಗಿಶ್ ಅನ್ನೋದು ಅದನ್ನೇ. ಹಾಗಿದ್ರೆ ಫ್ರೆಂಚ್ ಬಿಟ್ಟುಬಿಡಬಹುದಿತ್ತು ಅಲ್ವಾ? ಬಿಡಲಿಲ್ಲ. ನಾಲ್ಕೇ ವರ್ಷಕ್ಕೆ, 1843 ರಲ್ಲಿ ಪ್ರೈಮರಿ ಶಾಲೆಗಳಲ್ಲೇ ಜರ್ಮನ್ ಜೊತೆ ಫ್ರೆಂಚ್ ಕಲಿಸಬೇಕು ಅಂತ ಕಾನೂನು ಮಾಡಿದ್ರು, 1848 ರ ಸಂವಿಧಾನದಲ್ಲಿ ಎರಡೂ ಭಾಷೆಗೆ ಜಾಗ ಕೊಟ್ರು. ಒಂದು ಕಾರಣ ವಕೀಲರು, ಅಧಿಕಾರಿಗಳು ಎಲ್ಲಾ ಫ್ರೆಂಚಲ್ಲಿ ಪಳಗಿದವರು. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ ಅನ್ಸುತ್ತೆ, ಆಗ ಜರ್ಮನಿ ಒಂದಾಗ್ತಾ ಇದ್ದ ಕಾಲ, 1842 ರಲ್ಲೇ ಲಕ್ಸೆಂಬರ್ಗ್ ಜರ್ಮನ್ ರಾಜ್ಯಗಳ ಸುಂಕದ ಒಕ್ಕೂಟಕ್ಕೆ ಸೇರಿತ್ತು, ವ್ಯಾಪಾರ ಎಲ್ಲಾ ಆ ಕಡೆಗೇ, ಮಾತೂ ಅವರ ಬಳಗದ್ದೇ ಆದ್ರೆ ನಾಳೆ ನೀವೂ ಜರ್ಮನರೇ ಅಂದ್ಬಿಡ್ತಾರೆ. ಫ್ರೆಂಚ್ ಅವರಿಗೆ ಹೊಲದ ಸುತ್ತ ಹಾಕಿದ ಬೇಲಿ ಥರ ಆಯ್ತು. ಪೂರ್ತಿ ಫ್ರೆಂಚ್ ಆಗೋಕೂ ಅವರಿಗೆ ಇಷ್ಟ ಇರಲಿಲ್ಲ, ಆ ಕಡೆ ಬೇಲಿಗೆ ಜರ್ಮನ್ ಇತ್ತು.

ಹಾಗೆ ಹೆದರಿದ್ದೂ ಸುಳ್ಳಾಗ್ಲಿಲ್ಲ. 1867 ರಲ್ಲಿ ಫ್ರಾನ್ಸಿನ ಮೂರನೇ ನೆಪೋಲಿಯನ್ ಲಕ್ಸೆಂಬರ್ಗನ್ನ ಡಚ್ ರಾಜನ ಹತ್ರ ದುಡ್ಡು ಕೊಟ್ಟು ಕೊಂಡ್ಕೊಳ್ಳೋಕೆ ನೋಡಿದ, 50 ಲಕ್ಷ ಗಿಲ್ಡರಿಗೆ (ಆಗಿನ ಡಚ್ ನಾಣ್ಯ) ಮಾತಾಗಿತ್ತು, ರಾಜ ಮಾರೋಕೆ ಒಪ್ಪಿದ್ದ. ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಅಡ್ಡ ಬಂದ, ಯುದ್ಧ ಆಗೋ ಹಾಗಾಯ್ತು. ಮತ್ತೆ ಲಂಡನ್ನಲ್ಲಿ ಸಭೆ, ಪ್ರಷ್ಯನ್ ಸೈನ್ಯ ಹೊರಗೆ ಹೋಗಬೇಕು, ಲಕ್ಸೆಂಬರ್ಗ್ ಯಾವ ಪಕ್ಷಕ್ಕೂ ಸೇರದ ತಟಸ್ಥ ದೇಶ ಆಗಬೇಕು, ಕೋಟೆ ಒಡೆದು ಹಾಕಬೇಕು ಅಂತ ತೀರ್ಮಾನ. ಶತಮಾನಗಳಿಂದ ಕಟ್ಟಿದ ಕೋಟೆಯನ್ನ ಕೆಡವೋಕೆ 1883 ರ ತನಕ ಹಿಡೀತು. 1890 ರಲ್ಲಿ ಡಚ್ ರಾಜ ಗಂಡು ಮಕ್ಕಳಿಲ್ಲದೆ ತೀರಿಕೊಂಡಾಗ ನೆದರ್‌ಲ್ಯಾಂಡ್ಸ್ ಮಗಳಿಗೆ ಹೋಯ್ತು, ಲಕ್ಸೆಂಬರ್ಗ್ ಮಾತ್ರ ಮನೆತನದ ಹಳೇ ಒಪ್ಪಂದದ ಪ್ರಕಾರ ನಸ್ಸಾವ್ ಕುಟುಂಬದ ಇನ್ನೊಂದು ಕವಲಿಗೆ ಬಂತು, ಅವತ್ತಿಂದ ದೇಶಕ್ಕೆ ತನ್ನದೇ ಗ್ರ್ಯಾಂಡ್ ಡ್ಯೂಕ್.

ಅಂದ್ರೆ ದೇಶವನ್ನ ಮೊದಲು ಬೇರೆಯವರು ಮಾಡಿದ್ರು, ನಾವು ಈ ದೇಶದವರು ಅನ್ನೋ ಭಾವನೆ ಜನರಲ್ಲಿ ಆಮೇಲೆ ಬೆಳೀತು. 1859 ರಲ್ಲಿ ಮೊದಲ ರೈಲು ಬಂದಾಗ ಮಿಖೆಲ್ ಲೆಂಟ್ಸ್ ಅನ್ನೋ ಕವಿ ಬರೆದ ಹಾಡಿನ ಒಂದು ಸಾಲೇ ದೇಶದ ಘೋಷಣೆ ಆಗ್ಬಿಟ್ಟಿದೆ, ನಾವು ಏನಾಗಿದ್ದೀವೋ ಹಾಗೇ ಉಳೀಬೇಕು ಅಂತ ಅದರ ಅರ್ಥ. ಆ ಸಾಲು ಇರೋದು ಊರಮಾತಲ್ಲಿ. ಶಾಲೆಯಲ್ಲಿ ಇಲ್ಲದ, ಕಚೇರಿಯಲ್ಲಿ ಇಲ್ಲದ ಮಾತಲ್ಲಿ ನಾಟಕ, ಪದ್ಯ ಬರೆಯೋಕೆ ಆ ಕಾಲದಲ್ಲೇ ಶುರು ಮಾಡಿದ್ರು, 1912 ರಲ್ಲಿ ಅದು ಶಾಲೆಯಲ್ಲಿ ಒಂದು ಪಾಠವೂ ಆಯ್ತು.

ಇದೇ ಸಮಯಕ್ಕೆ ದಕ್ಷಿಣದಲ್ಲಿ ಕಬ್ಬಿಣದ ಅದಿರು. ಮಿನೆಟ್ ಅಂತ ಕರೀತಾರೆ, ಕೆಂಪು ಮಣ್ಣಿನ ನಾಡು. ಆ ಅದಿರಲ್ಲಿ ರಂಜಕ ಜಾಸ್ತಿ, ಒಳ್ಳೆ ಸ್ಟೀಲ್ ಬರ್ತಿರಲಿಲ್ಲ, 1870 ರ ದಶಕದ ಕೊನೆಗೆ ಇಂಗ್ಲೆಂಡಲ್ಲಿ ರಂಜಕ ತೆಗೆಯೋ ವಿಧಾನ ಕಂಡುಹಿಡಿದ ಮೇಲೆ ಬಡ ರೈತರ ದೇಶ ಉಕ್ಕಿನ ದೇಶ ಆಯ್ತು. ಅಲ್ಲಿ ತನಕ ಅಲ್ಲಿನ ಜನರೇ ಹೊಟ್ಟೆಪಾಡಿಗೆ ಅಮೆರಿಕಾಗೆ ಹೋಗ್ತಿದ್ರು, ಈಗ ಜರ್ಮನಿಯಿಂದ, ಇಟಲಿಯಿಂದ ಕಾರ್ಮಿಕರು ಬರೋಕೆ ಶುರುವಾದ್ರು. 1911 ರಲ್ಲಿ ಹುಟ್ಟಿದ ಆರ್ಬೆಡ್ ಕಂಪನಿ ಆಮೇಲೆ ಆರ್ಸೆಲರ್ ಆಗಿ, 2006 ರಲ್ಲಿ ರಾಜಸ್ಥಾನ ಮೂಲದ ಲಕ್ಷ್ಮೀ ಮಿತ್ತಲ್ ಕಂಪನಿ ಜೊತೆ ಸೇರಿ ಆರ್ಸೆಲರ್‌ಮಿತ್ತಲ್ ಆಯ್ತು, ಅದರ ಹೆಡ್ ಆಫೀಸ್ ಈಗಲೂ ಲಕ್ಸೆಂಬರ್ಗ್ ಸಿಟೀಲೇ ಇದೆ.

ಮೊದಲ ಮಹಾಯುದ್ಧದಲ್ಲಿ ಜರ್ಮನರು ಬಂದು ಕೂತ್ರು, ಯುದ್ಧ ಮುಗಿದಾಗ ಗ್ರ್ಯಾಂಡ್ ಡಚೆಸ್ ಜರ್ಮನರ ಜೊತೆ ಚೆನ್ನಾಗಿದ್ರು ಅನ್ನೋ ಸಿಟ್ಟಿಗೆ ಅವರು ಇಳೀಬೇಕಾಯ್ತು, ತಂಗಿ ಶಾರ್ಲೊಟ್ ಬಂದ್ರು. 1919 ರ ಸೆಪ್ಟೆಂಬರಲ್ಲಿ ಮೊದಲ ಸಲ ಜನರನ್ನೇ ಕೇಳಿದ್ರು, ಹೆಂಗಸರೂ ಓಟು ಹಾಕಿದ್ರು, 100 ಕ್ಕೆ 78 ರಷ್ಟು ಜನ ಶಾರ್ಲೊಟ್ ಇರಲಿ ಅಂದ್ರು. ಇಷ್ಟೊತ್ತೂ ಲಂಡನ್ನಲ್ಲಿ, ವಿಯೆನ್ನಾದಲ್ಲಿ ತೀರ್ಮಾನ ಆಗ್ತಿದ್ದ ವಿಷಯಕ್ಕೆ ಈ ಸಲ ಊರಿನವರೇ ಉತ್ತರ ಕೊಟ್ರು.

ಆದ್ರೆ ನಿಜವಾದ ಪರೀಕ್ಷೆ ಬಂದಿದ್ದು ಎರಡನೇ ಯುದ್ಧದಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1940 ರ ಮೇ 10 ಕ್ಕೆ ಹಿಟ್ಲರನ ಸೈನ್ಯ ನುಗ್ಗಿತು. ಅವರ ಲೆಕ್ಕದಲ್ಲಿ ಲಕ್ಸೆಂಬರ್ಗಿನವರು ದಾರಿ ತಪ್ಪಿದ ಜರ್ಮನರು ಅಷ್ಟೇ. ಗುಸ್ತಾವ್ ಸಿಮೋನ್ ಅನ್ನೋ ನಾಜಿ ಅಧಿಕಾರಿ ಬಂದು ಫ್ರೆಂಚ್ ಮಾತನ್ನ ನಿಷೇಧ ಮಾಡಿದ, ಬೀದಿ ಬೋರ್ಡು ಬದಲಾಯಿಸಿದ, ಜನರ ಫ್ರೆಂಚ್ ಹೆಸರುಗಳನ್ನ ಜರ್ಮನ್ ಮಾಡಿಸಿದ, ಫ್ರೆಂಚ್ ಥರದ ಟೋಪಿ ಹಾಕೋದೂ ತಪ್ಪಾಯ್ತು. ರಾಜಧಾನಿಯ ಮಧ್ಯದಲ್ಲಿ ಒಂದು ಎತ್ತರದ ಕಂಬದ ಮೇಲೆ ಚಿನ್ನದ ಬಣ್ಣದ ಹೆಂಗಸಿನ ಮೂರ್ತಿ ಇತ್ತು, ಎರಡು ಕೈಯಲ್ಲೂ ಮಾಲೆ ಮುಂದೆ ಚಾಚಿ ನಿಂತಿರೋ ಹಾಗೆ, ಜನ ಪ್ರೀತಿಯಿಂದ ಗೆಲ್ಲೆ ಫ್ರಾ ಅಂತಾರೆ, ಚಿನ್ನದ ಹೆಣ್ಣು ಅಂತ. ಮೊದಲ ಯುದ್ಧದಲ್ಲಿ ಫ್ರಾನ್ಸ್ ಕಡೆ ಹೋರಾಡಿ ಸತ್ತ ಲಕ್ಸೆಂಬರ್ಗ್ ಹುಡುಗರ ನೆನಪಿಗೆ 1923 ರಲ್ಲಿ ನಿಲ್ಲಿಸಿದ್ದು. ಅದನ್ನೂ 1940 ರ ಅಕ್ಟೋಬರಲ್ಲಿ ಎಳೆದು ಕೆಡವಿದ್ರು.

ಮರುವರ್ಷ, 1941 ರ ಅಕ್ಟೋಬರ್ 10 ಕ್ಕೆ ಒಂದು ಜನಗಣತಿ ಇಟ್ರು. ಮನೆ ಮನೆಗೆ ಫಾರ್ಮ್ ಬಂತು. ಬೇರೆ ಪ್ರಶ್ನೆಗಳ ಜೊತೆ ಮೂರು ಪ್ರಶ್ನೆ ಇತ್ತು, ನಿಮ್ಮ ದೇಶ ಯಾವುದು, ನಿಮ್ಮ ಮಾತೃಭಾಷೆ ಯಾವುದು, ನಿಮ್ಮ ಜನಾಂಗ ಯಾವುದು. ಲಕ್ಸೆಂಬರ್ಗಿಶ್ ಅನ್ನೋದು ಆಡುನುಡಿ, ಅದನ್ನ ಮಾತೃಭಾಷೆ ಅಂತ ಬರೆಯೋ ಹಾಗಿಲ್ಲ ಅಂತ ಸೂಚನೆಯನ್ನೂ ಕೊಟ್ಟಿದ್ರು. ಅಂದ್ರೆ ಭಾಷೆ ಜರ್ಮನ್, ಜನಾಂಗ ಜರ್ಮನ್ ಅಂತ ಜನರ ಕೈಯಲ್ಲೇ ಬರೆಸಿ, ನೋಡಿ ಇವರೇ ಒಪ್ಪಿದ್ದಾರೆ ಅಂತ ತೋರಿಸೋ ಉಪಾಯ. ಆಗ ಗುಟ್ಟಾಗಿ ಕೆಲಸ ಮಾಡ್ತಿದ್ದ ಪ್ರತಿರೋಧದ ಗುಂಪುಗಳು ಕರಪತ್ರ ಹಂಚಿದ್ವು, ಡ್ರೈಮೋಲ್ ಲೆಟ್ಸೆಬುರ್ಗೆಶ್ ಅಂತ, ಮೂರು ಸಲ ಲಕ್ಸೆಂಬರ್ಗಿಶ್ ಅಂತ ಬರೀರಿ ಅಂತ. ಸ್ಯಾಂಪಲ್ ತೆಗೆದು ನೋಡಿದ್ರೆ 100 ಕ್ಕೆ 90 ಕ್ಕೂ ಹೆಚ್ಚು ಜನ ಹಾಗೇ ಬರೆದಿದ್ರು. ಜನಗಣತಿಯನ್ನೇ ರದ್ದು ಮಾಡ್ಬೇಕಾಯ್ತು.

ಅಡುಗೆಮನೆ ಮೇಜಿನ ಮೇಲೆ ಆ ಫಾರ್ಮ್ ಇಟ್ಕೊಂಡು ಕೂತವರನ್ನ ನೆನೆಸಿಕೊಳ್ಳಿ. ಹೊರಗೆ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೋ ಇದೆ, ಫಾರ್ಮಲ್ಲಿ ಹೆಸರು ವಿಳಾಸ ಎಲ್ಲಾ ಇದೆ, ಸಹಿ ಹಾಕಬೇಕು, ಅವರು ಶಾಲೆಯಲ್ಲಿ ಕಲಿತು ಬರೆಯೋದೂ ಜರ್ಮನ್ನಲ್ಲೇ. ಅಂಥಾ ಕಡೆ ತಾವು ಬರೆಯದೇ ಇರೋ, ಬರೀ ಆಡೋ ಮಾತಿನ ಹೆಸರನ್ನ ಬರೆದ್ರು. ಭಾಷಾಶಾಸ್ತ್ರದವರು ಇದು ಮೊಸೆಲ್ ನದಿ ಕಡೆಯ ಫ್ರಾಂಕೋನಿಯನ್ ಅನ್ನೋ ಜರ್ಮನ್ ಆಡುನುಡಿಗಳ ಬಳಗ ಅಂತಾರೆ, ಅದು ಸರಿನೇ, ಗಡಿ ಆಚೆ ಜರ್ಮನಿಯ ಹಳ್ಳಿಗಳಲ್ಲೂ ಇದನ್ನೇ ಹೋಲೋ ಮಾತು ಇದೆ. ಆದ್ರೆ ಆಡುನುಡಿ ಎಲ್ಲಿಗೆ ಮುಗಿದು ಭಾಷೆ ಎಲ್ಲಿಂದ ಶುರು ಅನ್ನೋ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರ ಸಿಗಲ್ಲ, ಲಕ್ಸೆಂಬರ್ಗಿನವರ ಉತ್ತರ ಆ ಫಾರ್ಮಲ್ಲಿದೆ ಅಂತ ನನ್ನ ನಂಬಿಕೆ.

1942 ರ ಆಗಸ್ಟ್ 30 ಕ್ಕೆ ಲಕ್ಸೆಂಬರ್ಗಿನ ಹುಡುಗರು ಜರ್ಮನ್ ಸೈನ್ಯಕ್ಕೆ ಕಡ್ಡಾಯವಾಗಿ ಸೇರಬೇಕು ಅಂತ ಆಜ್ಞೆ ಆಯ್ತು. ಮಾರನೇ ದಿನ ವಿಲ್ಟ್ಸ್ ಅನ್ನೋ ಊರಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದ್ರು, ಅದು ದಕ್ಷಿಣದ ಉಕ್ಕಿನ ಕಾರ್ಖಾನೆಗಳಿಗೆ, ಶಾಲೆಗಳಿಗೆ, ಪೋಸ್ಟ್ ಆಫೀಸಿಗೆ ಎಲ್ಲಾ ಹಬ್ಬಿತು. ಶಿಫ್ಲಾಂಜ್ ಊರಿನ ಕಾರ್ಖಾನೆಯಲ್ಲಿ ಸೈರನ್ ಒತ್ತಿ ಎಲ್ಲರಿಗೂ ಗೊತ್ತು ಮಾಡಿದ್ದು ಹೆನ್ರಿ ಆಡಮ್ ಅನ್ನೋ ಕಾರ್ಮಿಕ. ಮುಷ್ಕರಕ್ಕಾಗಿ 21 ಜನರನ್ನ ಕೊಂದ್ರು. 20 ಜನರನ್ನ ಗುಂಡಿಟ್ಟು, ಆಡಮ್‌ನನ್ನ ಮಾತ್ರ ಕೊಲೋನ್ ಜೈಲಲ್ಲಿ ತಲೆ ಕಡಿದು, ಯಾಕಂದ್ರೆ ಅವನು ಹುಟ್ಟಿದ್ದು ಜರ್ಮನಿಯಲ್ಲಿ, ಅವನ ಪೌರತ್ವ ಜರ್ಮನಿಯದು. ಲಕ್ಸೆಂಬರ್ಗಿಗಾಗಿ ಸೈರನ್ ಒತ್ತಿದವನು ಕಾಗದದ ಪ್ರಕಾರ ವಿದೇಶಿ. ಮುಷ್ಕರ ಮುರಿದ ಮೇಲೆ 10 ಸಾವಿರಕ್ಕೂ ಹೆಚ್ಚು ಹುಡುಗರನ್ನ ಸೈನ್ಯಕ್ಕೆ ಎಳೆದುಕೊಂಡು ಹೋದ್ರು, ಸುಮಾರು 2,800 ಜನ ವಾಪಸ್ ಬರಲಿಲ್ಲ, ಇಡೀ ದೇಶದ ಜನ ಆಗ 3 ಲಕ್ಷನೂ ಇರಲಿಲ್ಲ ಅನ್ನೋದನ್ನ ನೆನಪಿಟ್ಕೊಂಡು ಈ ಸಂಖ್ಯೆ ನೋಡಬೇಕು.

ಕೆಡವಿದ ಆ ಚಿನ್ನದ ಹೆಣ್ಣು ಎಲ್ಲಿ ಹೋಯ್ತು ಅಂತ ಎಷ್ಟೋ ವರ್ಷ ಯಾರಿಗೂ ಗೊತ್ತಿರಲಿಲ್ಲ, 1980 ರಲ್ಲಿ ಫುಟ್‌ಬಾಲ್ ಸ್ಟೇಡಿಯಂನ ಗ್ಯಾಲರಿ ಕೆಳಗೆ ಸಿಕ್ಕಿತು, 1985 ರಲ್ಲಿ ಮತ್ತೆ ಕಂಬದ ಮೇಲೆ ನಿಲ್ಲಿಸಿದ್ರು. ಅದಕ್ಕೆ ಒಂದು ವರ್ಷ ಮುಂಚೆ, 1984 ರಲ್ಲಿ, ಭಾಷಾ ಕಾನೂನು ಬಂತು. ಲಕ್ಸೆಂಬರ್ಗಿಶ್ ರಾಷ್ಟ್ರಭಾಷೆ, ಕಾನೂನು ಬರೆಯೋಕೆ ಫ್ರೆಂಚ್, ಆಡಳಿತಕ್ಕೆ ಫ್ರೆಂಚ್, ಜರ್ಮನ್, ಲಕ್ಸೆಂಬರ್ಗಿಶ್ ಮೂರೂ. ಜನ ಯಾವ ಭಾಷೇಲಿ ಅರ್ಜಿ ಕೊಡ್ತಾರೋ ಸಾಧ್ಯವಾದಷ್ಟು ಅದೇ ಭಾಷೇಲಿ ಕಚೇರಿ ಉತ್ತರ ಕೊಡಬೇಕು. ಸ್ವಿಟ್ಜರ್‌ಲೆಂಡಲ್ಲಿ, ಬೆಲ್ಜಿಯಂನಲ್ಲಿ ಭಾಷೆ ಪ್ರಕಾರ ಪ್ರದೇಶ ಹಂಚಿಕೊಂಡಿದ್ದಾರೆ, ಈ ಊರು ಆ ಭಾಷೆ, ಆ ಊರು ಈ ಭಾಷೆ ಅಂತ. ಲಕ್ಸೆಂಬರ್ಗಲ್ಲಿ ಹಾಗೆ ಗಡಿಗೆರೆ ಇಲ್ಲ, ಒಬ್ಬನೇ ಮನುಷ್ಯ ಮೂರನ್ನೂ ಹೊತ್ಕೊಂಡು ಓಡಾಡ್ತಾನೆ, ಕೆಲಸಕ್ಕೆ ತಕ್ಕ ಹಾಗೆ ಬದಲಾಯಿಸ್ತಾನೆ. ಮಂಗಳೂರಲ್ಲಿ ಮನೇಲಿ ತುಳು, ಶಾಲೇಲಿ ಕನ್ನಡ, ಆಫೀಸಲ್ಲಿ ಇಂಗ್ಲಿಷ್ ಅಂತ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಆ ಮಾತಲ್ಲೇ ಈ ಇತಿಹಾಸ ಎಲ್ಲಾ ಕೇಳಿಸುತ್ತೆ. ಬೆಳಿಗ್ಗೆಯಾಗಲಿ ಸಂಜೆಯಾಗಲಿ ನಮಸ್ಕಾರಕ್ಕೆ ಮೋಯೆನ್, ಥ್ಯಾಂಕ್ಸ್‌ಗೆ ಫ್ರೆಂಚಿನ ಮೆರ್ಸಿ, ಆಲೂಗಡ್ಡೆಗೆ ಜರ್ಮನರ ಕಾರ್ಟೊಫೆಲ್ ಬಿಟ್ಟು ಗ್ರೊಂಪರ್. ಅಧಿಕೃತ ಕಾಗುಣಿತ ಗಟ್ಟಿಯಾಗಿ ನಿಂತಿದ್ದು 1975 ರಲ್ಲಿ, ಹಾಗಾಗಿ ವಯಸ್ಸಾದ ಎಷ್ಟೋ ಜನ ಅದನ್ನ ಚೆನ್ನಾಗಿ ಆಡ್ತಾರೆ, ಬರೆಯೋಕೆ ಹಿಂಜರೀತಾರೆ. ಯುವಕರು ಮೊಬೈಲಲ್ಲಿ ಮೆಸೇಜ್ ಟೈಪ್ ಮಾಡೋದು ಇದರಲ್ಲೇ, ಹಾಗಾಗಿ ಈಗ ಬರೆಯೋ ಭಾಷೆಯಾಗೂ ಬೆಳೀತಾ ಇದೆ.

ಇನ್ನು ಇವತ್ತಿನ ತೊಡಕು. ಉಕ್ಕಿನ ಕಾಲದಲ್ಲಿ ಇಟಲಿಯವರು ಬಂದ ಹಾಗೆ 1960 ರ ದಶಕದಿಂದ ಪೋರ್ಚುಗಲ್ಲಿಂದ ಜನ ಬಂದ್ರು, ಈಗ ವಿದೇಶಿಯರಲ್ಲಿ ಅವರೇ ಎಲ್ಲರಿಗಿಂತ ಹೆಚ್ಚು. ಬ್ಯಾಂಕುಗಳು ಬಂದ್ವು, ಯೂರೋಪಿಯನ್ ಯೂನಿಯನ್ನಿನ ಕೋರ್ಟ್, ಕಚೇರಿ ಬಂದ್ವು. ಕಟ್ಟಡ ಕಟ್ಟೋರು, ಆಸ್ಪತ್ರೆಯಲ್ಲಿ ನೋಡ್ಕೊಳ್ಳೋರು, ಬಸ್ ಓಡಿಸೋರು ತುಂಬಾ ಜನ ಓಟಿಲ್ಲದವರು. 2015 ರ ಜೂನಲ್ಲಿ, 10 ವರ್ಷ ಇಲ್ಲೇ ಇದ್ದ ವಿದೇಶಿಯರಿಗೆ ಕೆಲವು ಷರತ್ತಿನ ಮೇಲೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಕೊಡೋಣವಾ ಅಂತ ಜನಮತ ಕೇಳಿದ್ರು, 100 ಕ್ಕೆ 78 ರಷ್ಟು ಬೇಡ ಅಂತ ಬಂತು. ಇದನ್ನ ಬರೀ ದ್ವೇಷ ಅಂತ ಓದಿದ್ರೆ ತಪ್ಪಾಗುತ್ತೆ, ಇಷ್ಟು ಸಣ್ಣ ಭಾಷೆಯವರಿಗೆ ತಮ್ಮ ಮಾತು ತಮ್ಮೂರಲ್ಲೇ ಮೂಲೆ ಸೇರುತ್ತೆ ಅನ್ನೋ ಭಯ ಇದೆ, ಅಂಗಡಿಗೆ ಹೋದ್ರೆ ಅವರ ಭಾಷೇಲಿ ಉತ್ತರ ಸಿಗದೇ ಇರೋದು ದಿನಾ ಆಗೋ ವಿಷಯ. ಆದ್ರೂ ದುಡಿಯೋ ಅರ್ಧ ಜನಕ್ಕೆ ಓಟಿಲ್ಲದ ಪ್ರಜಾಪ್ರಭುತ್ವ ಎಷ್ಟು ದಿನ ಅನ್ನೋ ಪ್ರಶ್ನೆ ನನ್ನ ಕಾಡುತ್ತೆ.

ಅವರು ಹಿಡಿದ ದಾರಿ ಏನಂದ್ರೆ, ಓಟು ಬೇಕಾ, ಪೌರತ್ವ ತಗೊಳ್ಳಿ, ನಿಮ್ಮ ಹಳೇ ಪೌರತ್ವ ಬಿಡೋದೂ ಬೇಡ. 2017 ರ ಕಾನೂನಿನ ಪ್ರಕಾರ 5 ವರ್ಷ ಇದ್ದವರು ಅರ್ಜಿ ಹಾಕಬಹುದು, ಆದ್ರೆ ಲಕ್ಸೆಂಬರ್ಗಿಶ್ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ಬರೆಯೋದು ಇಲ್ಲವೇ ಇಲ್ಲ, ಕೇಳಿ ಅರ್ಥ ಮಾಡ್ಕೊಳ್ಳೋದು, ಮಾತಾಡೋದು ಎರಡೇ. ಅದೇ ಹೊತ್ತಿಗೆ 1900 ರಲ್ಲಿ ಲಕ್ಸೆಂಬರ್ಗಿನವರಾಗಿದ್ದ ಹಿರಿಯರ ಮರಿಮಕ್ಕಳು ಅಮೆರಿಕಾದಲ್ಲಿ, ಬ್ರೆಜಿಲ್‌ನಲ್ಲಿ ಕೂತು ಒಂದು ಪದ ಬರದೇ ಇದ್ರೂ ವಂಶದ ದಾಖಲೆ ತೋರಿಸಿ ಪೌರತ್ವ ವಾಪಸ್ ಪಡೆದ್ರು. ರಕ್ತವಾ, ಮಾತಾ, ದುಡಿಮೆಯಾ, ಯಾವುದನ್ನ ಹಿಡಿದು ಲಕ್ಸೆಂಬರ್ಗಿನವರು ಅನ್ನೋದು ಅಂತ ಅವರಲ್ಲೇ ಇನ್ನೂ ತೀರ್ಮಾನ ಆಗಿಲ್ಲ.

ಇದರ ಬಿಸಿ ಹೆಚ್ಚಾಗಿ ತಟ್ಟೋದು ಮಕ್ಕಳಿಗೆ. ಮನೇಲಿ ಲಕ್ಸೆಂಬರ್ಗಿಶ್ ಆಡೋ ಮಗುವಿಗೆ ಜರ್ಮನ್ನಲ್ಲಿ ಅಕ್ಷರ ಕಲಿಯೋದು ಪಕ್ಕದ ಮನೆಗೆ ಹೋದಷ್ಟು ಸುಲಭ, ಮನೇಲಿ ಪೋರ್ಚುಗೀಸ್ ಆಡೋ ಮಗುವಿಗೆ ಅದು ಗುಡ್ಡ ಹತ್ತಿದ ಹಾಗೆ. ಈಗ ಪ್ರೈಮರಿ ಶಾಲೆಯ ಹೆಚ್ಚಿನ ಮಕ್ಕಳ ಮನೆಮಾತು ಲಕ್ಸೆಂಬರ್ಗಿಶ್ ಅಲ್ಲ, ಎರಡನೇ ಗುಂಪಿನ ಮಕ್ಕಳು ಹಿಂದೆ ಬೀಳೋದು ಎಷ್ಟೋ ವರ್ಷದಿಂದ ಗೊತ್ತಿದ್ದ ವಿಷಯ. 2022 ರಲ್ಲಿ ನಾಲ್ಕು ಶಾಲೆಗಳಲ್ಲಿ ಹೊಸ ಪ್ರಯೋಗ ಶುರು ಮಾಡಿದ್ರು, ಅಕ್ಷರಾಭ್ಯಾಸ ಜರ್ಮನ್ನಲ್ಲಿ ಬೇಕಾ ಫ್ರೆಂಚಲ್ಲಿ ಬೇಕಾ ಅಂತ ಆರಿಸಿಕೊಳ್ಳಬಹುದು. ಓದು ಬರಹದ ಪಾಠಕ್ಕೆ ಮಾತ್ರ ಮಕ್ಕಳು ಬೇರೆ ಬೇರೆ, ಉಳಿದ ಹೊತ್ತಲ್ಲಿ ಎಲ್ಲಾ ಒಟ್ಟಿಗೆ, ಆಗ ಎಲ್ಲರ ಮಧ್ಯೆ ಓಡಾಡಬೇಕಾದ ಮಾತು ಲಕ್ಸೆಂಬರ್ಗಿಶ್. ಆ ನಾಲ್ಕು ಶಾಲೆಗಳಲ್ಲಿ ಒಂದು ಇರೋದು ಶಿಫ್ಲಾಂಜಲ್ಲಿ, 1942 ರಲ್ಲಿ ಆಡಮ್ ಸೈರನ್ ಒತ್ತಿದ ಊರಲ್ಲಿ.